ಕಲ್ಲಿನ ಅಕ್ಷರ, ಕಡತದ ಅಕ್ಷರ: ಹೊಸ ಕಾರ್ಯಾಚರಣ ವ್ಯವಸ್ಥೆಯೂ ಕನ್ನಡ ಸಂಶೋಧನೆಯ ಹೊಣೆಯೂ

ಬಾದಾಮಿಯ ಅಗಸ್ತ್ಯತೀರ್ಥದ ಸಮೀಪದ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. ಸುಮಾರು 700ರದೆಂದು ವಿದ್ವಾಂಸರು ನಿರ್ಣಯಿಸಿರುವ ಈ ಶಾಸನವು ಕನ್ನಡದ ಅತ್ಯಂತ ಪ್ರಾಚೀನ ತ್ರಿಪದಿಗಳನ್ನು ಒಳಗೊಂಡಿರುವುದರಿಂದ ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಹಳೆಯ ಲಿಪಿಯನ್ನು ಅಭ್ಯಾಸ ಮಾಡಿದವರು ಇಂದಿಗೂ ಆ ಬಂಡೆಯ ಮುಂದೆ ನಿಂತು ಅದನ್ನು ನೇರವಾಗಿ ಓದಬಲ್ಲರು. ಓದುಗನಿಗೂ ಅಕ್ಷರಕ್ಕೂ ನಡುವೆ ಬೇರೊಂದು ಸಾಧನ ಬೇಕಿಲ್ಲ. ಆದರೆ ಇದೇ ಪರಿಸರದ ಶಾಸನಗಳನ್ನು ಕುರಿತು ಇಪ್ಪತ್ತು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಸಿದ್ಧವಾದ ಸಂಪ್ರಬಂಧದ ಕಡತವನ್ನು ಇಂದಿನ ಹೊಸ ಯಂತ್ರದಲ್ಲಿ ತೆರೆದರೆ, ಕನ್ನಡದ ಒಂದು ಅಕ್ಷರವೂ ಕಾಣದಿರುವ ಸಾಧ್ಯತೆಯೇ ಹೆಚ್ಚು. ಹದಿಮೂರು ಶತಮಾನಗಳ ಬಿಸಿಲುಮಳೆಗಳನ್ನು ತಡೆದುಕೊಂಡ ಬರಹ ಒಂದು ಕಡೆ, ಎರಡು ದಶಕಗಳನ್ನೂ ದಾಟಲಾರದ ಬರಹ ಮತ್ತೊಂದು ಕಡೆ. ಈ ವೈಷಮ್ಯವನ್ನು ಕನ್ನಡ ಸಂಶೋಧನ ಲೋಕ ಇನ್ನೂ ಗಂಭೀರವಾಗಿ ಪರಿಗಣಿಸಿದಂತಿಲ್ಲ.

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಇದಕ್ಕೆ ಮೊದಲು ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಇದೇ ಗತಿ ಒದಗಿತ್ತು. ಇಂತಹ ಪ್ರತಿಯೊಂದು ಸಂದರ್ಭದಲ್ಲಿಯೂ ಕಾಲೇಜುಗಳಲ್ಲಿ, ಮುದ್ರಣಾಲಯಗಳಲ್ಲಿ, ಡಿ.ಟಿ.ಪಿ. ಅಂಗಡಿಗಳಲ್ಲಿ, ಸಂಶೋಧಕರ ಮನೆಗಳಲ್ಲಿ ಹಳೆಯ ಯಂತ್ರಗಳು ಮೂಲೆ ಸೇರುತ್ತವೆ, ಹೊಸವು ಬರುತ್ತವೆ. ಹಳೆಯ ಯಂತ್ರದ ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡರೆ ಕೆಲಸ ಮುಗಿಯಿತೆಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಹಾಗೆ ನಕಲಾಗುವುದು ಕಡತ ಮಾತ್ರ. ಅದನ್ನು ಓದಲು ಬೇಕಾದ ಫಾಂಟು, ತೆರೆಯಲು ಬೇಕಾದ ತಂತ್ರಾಂಶ, ಆ ತಂತ್ರಾಂಶಕ್ಕೆ ಬೇಕಾದ ಯಂತ್ರಾಂಶ ಇವೆಲ್ಲ ಹಿಂದೆಯೇ ಉಳಿಯುತ್ತವೆ. ಇದನ್ನು ಯಂತ್ರ ದುರಸ್ತಿಯವರ ಸಮಸ್ಯೆಯೆಂದು ಸಾಹಿತ್ಯ ವಿಭಾಗಗಳು ಬದಿಗಿಡುತ್ತ ಬಂದಿವೆ. ಆದರೆ ಒಂದು ಪಾಠವನ್ನು ಹಳೆಯ ಆಧಾರದಿಂದ ಹೊಸ ಆಧಾರಕ್ಕೆ ತಪ್ಪಿಲ್ಲದೆ ದಾಟಿಸುವ ಶಾಸ್ತ್ರಕ್ಕೆ ಕನ್ನಡದಲ್ಲಿ ಆಗಲೇ ಒಂದು ಹೆಸರಿದೆ, ಅದು ಗ್ರಂಥಸಂಪಾದನೆ. ಕಾರ್ಯಾಚರಣ ವ್ಯವಸ್ಥೆಯ ಬದಲಾವಣೆಯಿಂದ ಹುಟ್ಟುವ ಹೊಂದಾಣಿಕೆಯ ಪ್ರಶ್ನೆಯು ಮೂಲತಃ ಗ್ರಂಥಸಂಪಾದನೆಯ ಪ್ರಶ್ನೆಯೇ ಆಗಿದ್ದು, ಅದರ ಹೊಣೆಯನ್ನು ಭಾಷೆ ಬಲ್ಲವರೇ ಹೊರಬೇಕಾಗಿದೆ.

ಸಮಸ್ಯೆಯ ಬೇರು ಎಲ್ಲಿದೆ ಎಂಬುದನ್ನು ಮೊದಲು ತಿಳಿಯಬೇಕು. ಗಣಕಯಂತ್ರವು ಅಕ್ಷರಗಳನ್ನು ಅರಿಯದು, ಸಂಖ್ಯೆಗಳನ್ನು ಮಾತ್ರ ಅರಿಯುತ್ತದೆ. ಹಿಂದಿನ 8 ಬಿಟ್‌ಗಳ ಪದ್ಧತಿಯಲ್ಲಿ ಒಂದು ಫಾಂಟಿನೊಳಗೆ ಇದ್ದ ಸ್ಥಾನಗಳು 256. ಅವೂ ರೋಮನ್ ಲಿಪಿಗಾಗಿ ಏರ್ಪಟ್ಟಿದ್ದವು. ಕನ್ನಡದ ಫಾಂಟುಗಳನ್ನು ರೂಪಿಸಿದವರು ಬೇರೆ ದಾರಿಯಿಲ್ಲದೆ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದರು. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ‘ಕ’ ಎಂಬ ಅಕ್ಷರದ ಒಡಲು ಇಂಗ್ಲಿಷಿನ ‘ಪಿ’ಯ ಸ್ಥಾನದಲ್ಲಿದೆ; ತಲೆಕಟ್ಟು, ನೆತ್ತಿಯ ಮೇಲೆ ಗೆರೆಯುಳ್ಳ ‘ಎ’ಯ ಸ್ಥಾನದಲ್ಲಿದೆ. ‘ನ’ಕಾರದ ಒಡಲು ಬ್ರಿಟಿಷ್ ನಾಣ್ಯವಾದ ಪೌಂಡಿನ ಚಿಹ್ನೆಯ ಜಾಗದಲ್ಲಿ, ಅದರ ಒತ್ತು ಜರ್ಮನ್ ಭಾಷೆಯ ವಿಶಿಷ್ಟ ಅಕ್ಷರವೊಂದರ ಜಾಗದಲ್ಲಿ ಕುಳಿತಿವೆ. ಹೀಗಾಗಿ ‘ಕನ್ನಡ’ ಎಂಬ ಮೂರಕ್ಷರದ ಪದವು ಕಡತದೊಳಗೆ ಏಳು ರೋಮನ್ ಚಿಹ್ನೆಗಳ ಸಾಲಾಗಿ ಮಾತ್ರ ಇರುತ್ತದೆ. ಫಾಂಟು ಇರುವವರೆಗೆ ಅದು ಕನ್ನಡವಾಗಿ ಕಾಣುತ್ತದೆ. ಹೊಸ ಯಂತ್ರದಲ್ಲಿ ಫಾಂಟು ಇಲ್ಲವಾದ ಕ್ಷಣವೇ ಪೌಂಡಿನ ಚಿಹ್ನೆಯೂ ಗೆರೆಹೊತ್ತ ಅಕ್ಷರಗಳೂ ಹೊರಬರುತ್ತವೆ. ಆಗ ಕಡತ ಕೆಟ್ಟಿತೆಂದು ಹಲವರು ಭಾವಿಸುತ್ತಾರೆ. ಕಡತ ಕೆಟ್ಟಿರುವುದಿಲ್ಲ, ಅದರೊಳಗೆ ಇದ್ದದ್ದೇ ಅದು.

ಇದಕ್ಕೆ ಹಿಂದಿನ ಫಾಂಟುಗಳನ್ನು ಸಿದ್ಧಪಡಿಸಿದವರನ್ನು ದೂರುವುದು ಇತಿಹಾಸವನ್ನು ಅರಿಯದವರ ಮಾತಾದೀತು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ‘ಬರಹ’ವನ್ನು ಹೊರತಂದಾಗ, ಅನಂತರ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿದಾಗ, ಸಾಮಾನ್ಯ ಕನ್ನಡಿಗನ ಯಂತ್ರದಲ್ಲಿ ಕನ್ನಡವನ್ನು ಮೂಡಿಸಲು ಲಭ್ಯವಿದ್ದ ಮಾರ್ಗವೇ ಅದು. ಕೆ.ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆಯ ವಿನ್ಯಾಸದಿಂದ ಸಾವಿರಾರು ಮಂದಿ ಕನ್ನಡದಲ್ಲಿ ಬೆರಳಚ್ಚು ಮಾಡುವುದನ್ನು ಕಲಿತರು. ಯೂನಿಕೋಡ್ ಶಿಷ್ಟತೆಯ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿ, ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದವು. ಆದರೆ ಅದು ಕಾಗದದ ಮೇಲಿನ ಒಪ್ಪಂದವಾಗಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯು ‘ತುಂಗಾ’ ಫಾಂಟಿನೊಡನೆ ಬಂದ ಮೇಲೆಯೇ ಸಾಮಾನ್ಯ ಯಂತ್ರಗಳಲ್ಲಿ ಯೂನಿಕೋಡ್ ಕನ್ನಡ ಕಾಣಿಸಿಕೊಳ್ಳತೊಡಗಿದುದು. ನುಡಿ, ಬರಹಗಳು ಕೂಡ ಮುಂದೆ ಯೂನಿಕೋಡನ್ನು ಅಳವಡಿಸಿಕೊಂಡವು.

ಹಾಗಿದ್ದರೂ ಹಳೆಯ ಪದ್ಧತಿ ಇಷ್ಟು ಕಾಲ ಏಕೆ ಮುಂದುವರಿಯಿತು? ಉತ್ತರ ಮುದ್ರಣದಲ್ಲಿದೆ. ಕನ್ನಡ ಪುಸ್ತಕಗಳ ಪುಟವಿನ್ಯಾಸ ಬಹುಕಾಲ ನಡೆದದ್ದು ಪೇಜ್‌ಮೇಕರ್ ತಂತ್ರಾಂಶದಲ್ಲಿ. ಅದರ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡವನ್ನು ಅದು ಅರಿಯದು. ಆದ್ದರಿಂದ ಲೇಖಕ ಯೂನಿಕೋಡಿನಲ್ಲಿ ಬರೆದುಕೊಟ್ಟರೂ ಮುದ್ರಣಾಲಯದವರು ಅದನ್ನು ಹಳೆಯ ಫಾಂಟಿಗೆ ಮರಳಿ ಪರಿವರ್ತಿಸುತ್ತಿದ್ದರು. ಅದೇ ಸಂಸ್ಥೆಯ ಇನ್‌ಡಿಸೈನ್ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ತಕ್ಕ ವ್ಯವಸ್ಥೆ ಬಂದದ್ದು 2012ರ ಆವೃತ್ತಿಯಲ್ಲಿ. ಅನಂತರದ ಆವೃತ್ತಿಗಳಲ್ಲಿ ಪೇಜ್‌ಮೇಕರಿನ ಕಡತಗಳನ್ನು ತೆರೆಯುವ ಸೌಲಭ್ಯವೇ ಇಲ್ಲವಾಯಿತು. 2023ರ ಜನವರಿಯಿಂದ ಟೈಪ್ 1 ವರ್ಗದ ಹಳೆಯ ಫಾಂಟುಗಳಿಗೂ ಅಡೋಬ್ ತನ್ನ ತಂತ್ರಾಂಶಗಳಲ್ಲಿ ಬೆಂಬಲ ನಿಲ್ಲಿಸಿತು. ಹೊಸ ಬಾಗಿಲು ತೆರೆದ ಹೊತ್ತಿಗೆ ಹಳೆಯ ಬಾಗಿಲು ಮುಚ್ಚುತ್ತಿತ್ತು.

ತಂತ್ರಾಂಶದ ಜೊತೆಗೆ ಯಂತ್ರಾಂಶವೂ ಸೇರಿಕೊಂಡಿದೆ. ಭಾರತೀಯ ಭಾಷೆಗಳ ಡಿ.ಟಿ.ಪಿ. ತಂತ್ರಾಂಶಗಳಲ್ಲಿ ಕೆಲವು, ನಕಲು ತಡೆಯುವ ಉದ್ದೇಶದಿಂದ, ಯಂತ್ರದ ಹಿಂಬದಿಗೆ ಸಿಕ್ಕಿಸುವ ಸಣ್ಣದೊಂದು ಬೀಗವಿಲ್ಲದೆ ನಡೆಯುತ್ತಿರಲಿಲ್ಲ. ‘ಡಾಂಗಲ್’ ಎಂದು ಅದನ್ನು ಕರೆಯುವುದುಂಟು. ಹಳೆಯ ಬೀಗಗಳು ಪ್ರಿಂಟರ್ ಜೋಡಿಸುವ ಅಗಲವಾದ ಪ್ಯಾರಲಲ್ ಪೋರ್ಟಿಗೆ ಹೊಂದುವಂತಹವು. ಇಂದಿನ ಯಂತ್ರಗಳಲ್ಲಿ ಆ ಪೋರ್ಟು ಇರುವುದೇ ಅಪರೂಪ. ಇದ್ದರೂ 32 ಬಿಟ್ ವ್ಯವಸ್ಥೆಗೆಂದು ಬರೆದ ಡ್ರೈವರುಗಳು 64 ಬಿಟ್ ವ್ಯವಸ್ಥೆಯಲ್ಲಿ ನಡೆಯುವುದಿಲ್ಲ. 16 ಬಿಟ್ ಕಾಲದ ತಂತ್ರಾಂಶಗಳಂತೂ ತೆರೆದುಕೊಳ್ಳುವುದೇ ಇಲ್ಲ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ, ಅಲ್ಲದೆ ಟಿ.ಪಿ.ಎಂ. 2.0 ಎಂಬ ಸುರಕ್ಷಾ ಘಟಕವಿರುವ ಯಂತ್ರವನ್ನೇ ಅದು ಅಪೇಕ್ಷಿಸುತ್ತದೆ. ಹೀಗೆ ಒಂದು ಕಡತದ ಓದು ನಾಲ್ಕೈದು ಕೊಂಡಿಗಳ ಸರಪಳಿಯನ್ನು ಅವಲಂಬಿಸಿದೆ. ಅದರಲ್ಲಿ ಒಂದು ಕಳಚಿದರೂ ಓದು ನಿಲ್ಲುತ್ತದೆ.

ಈ ಸಮಸ್ಯೆ ಕನ್ನಡ ನಾಡಿಗೆಲ್ಲ ಸಮಾನವಾದರೂ ಬಾಗಲಕೋಟೆ ಜಿಲ್ಲೆಯ ಮಟ್ಟಿಗೆ ಅದಕ್ಕೆ ವಿಶೇಷವಾದ ತೀವ್ರತೆಯಿದೆ. ಶಾಸನಾಧ್ಯಯನದ ದೃಷ್ಟಿಯಿಂದ ಇದು ಅತ್ಯಂತ ಸಮೃದ್ಧವಾದ ನೆಲ. ಒಂದನೆಯ ಪುಲಕೇಶಿಯ ಕ್ರಿ.ಶ. 543ರ ಬಂಡೆಗಲ್ಲಿನ ಶಾಸನ, ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಲೇಶನ 578ರ ಶಾಸನ, ಹುನಗುಂದ ತಾಲೂಕಿನ ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ರವಿಕೀರ್ತಿಯ 634-35ರ ಪ್ರಶಸ್ತಿ, ಇವು ಕರ್ನಾಟಕದ ಇತಿಹಾಸ ರಚನೆಯ ಮೂಲಸ್ತಂಭಗಳು. ಆದರೆ ಹಳೆಯ ಮೈಸೂರು ಸೀಮೆಯ ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕ ದೊರೆತಂತೆ ಈ ಮುಂಬಯಿ ಕರ್ನಾಟಕದ ಸೀಮೆಗೆ ತಾಲೂಕುವಾರು ಸಂಪುಟಗಳು ಆ ಕಾಲದಲ್ಲಿ ದೊರೆಯಲಿಲ್ಲ. ಇಲ್ಲಿನ ಶಾಸನಗಳು ಇಂಡಿಯನ್ ಆಂಟಿಕ್ವರಿ, ಎಪಿಗ್ರಾಫಿಯಾ ಇಂಡಿಕಾ, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮೊದಲಾದ ಮಾಲೆಗಳಲ್ಲಿ ಚದುರಿಹೋದವು. ಅವುಗಳನ್ನು ಕಲೆಹಾಕಿ, ಹೊಸವನ್ನು ಶೋಧಿಸಿ, ಊರೂರಿನ ಚರಿತ್ರೆಯನ್ನು ಕಟ್ಟುವ ಕೆಲಸದಲ್ಲಿ ಸ್ಥಳೀಯ ಅಧ್ಯಾಪಕರ, ಸಂಶೋಧನ ವಿದ್ಯಾರ್ಥಿಗಳ ಪಾಲು ದೊಡ್ಡದು.

ಅಖಂಡ ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ‘ಬರಹ’ ಬಂದದ್ದು ಅದರ ಮರುವರ್ಷ. ಅಂದರೆ ಈ ಜಿಲ್ಲೆಯ ಬದುಕಿನ ಮೊದಲ ಒಂದೂವರೆ ಎರಡು ದಶಕಗಳೂ ಹಳೆಯ ಫಾಂಟುಗಳ ಆಳ್ವಿಕೆಯ ಕಾಲವೂ ಬಹುಮಟ್ಟಿಗೆ ಒಂದೇ. ಜಿಲ್ಲೆ ತನ್ನನ್ನು ಕುರಿತು ತಾನೇ ಬರೆದುಕೊಳ್ಳತೊಡಗಿದಾಗ ಹುಟ್ಟಿದ ಸಂಪ್ರಬಂಧಗಳು, ಅಭಿನಂದನ ಗ್ರಂಥಗಳು, ಸಮ್ಮೇಳನದ ಸ್ಮರಣಸಂಚಿಕೆಗಳು, ಗ್ರಾಮಚರಿತ್ರೆಗಳು, ಜನಪದ ಗೀತೆಗಳ ಸಂಗ್ರಹಗಳು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲದಂತಹ ಊರುಗಳ ಡಿ.ಟಿ.ಪಿ. ಅಂಗಡಿಗಳ ಯಂತ್ರಗಳಲ್ಲಿ ಅಕ್ಷರರೂಪ ಪಡೆದವು. ಅವುಗಳಲ್ಲಿ ಅಚ್ಚಾಗಿ ಗ್ರಂಥಾಲಯ ಸೇರಿದವು ಕೆಲವು. ಅಚ್ಚಾಗದೆ ಉಳಿದ ಕ್ಷೇತ್ರಕಾರ್ಯದ ಟಿಪ್ಪಣಿಗಳು, ಅನುಬಂಧಗಳು, ಸಂಪ್ರಬಂಧದಿಂದ ಪುಟಮಿತಿಯ ಕಾರಣಕ್ಕೆ ಕೈಬಿಟ್ಟ ಪಾಠಗಳು ಕಡತಗಳಲ್ಲಿ ಮಾತ್ರ ಇರುವವು. ಅಂಗಡಿಯ ಯಂತ್ರ ಬದಲಾದಾಗ ಮೊದಲು ಹೋಗುವವು ಅವೇ.

ಸಂಪ್ರಬಂಧಗಳೆಲ್ಲ ಅಂತರಜಾಲದಲ್ಲಿ ಪಿಡಿಎಫ್ ರೂಪದಲ್ಲಿ ಸುರಕ್ಷಿತವಾಗಿವೆಯಲ್ಲ ಎಂಬ ಸಮಾಧಾನವೊಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಸಂಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ಶೋಧಗಂಗಾ ಭಂಡಾರದಲ್ಲಿ ಅವು ಸಂಗ್ರಹವಾಗುತ್ತಿವೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಹಳೆಯ ಫಾಂಟಿನಿಂದ ಸಿದ್ಧವಾದ ಪಿಡಿಎಫ್ ಕಣ್ಣಿಗೆ ಮಾತ್ರ ಕನ್ನಡ. ಫಾಂಟು ಅದರೊಳಗೆ ಅಡಕವಾಗಿರುವುದರಿಂದ ಪುಟ ಅಚ್ಚುಕಟ್ಟಾಗಿ ಕಾಣುತ್ತದೆ. ಕೆಳಗಿನ ಪಠ್ಯವಾದರೋ ಅದೇ ರೋಮನ್ ಚಿಹ್ನೆಗಳ ಸಾಲು. ಅದರಲ್ಲಿ ‘ನಿಸಿದಿ’ ಎಂದು ಹುಡುಕಿದರೆ ಒಂದೂ ಸಿಗದು, ‘ತ್ರಿಪದಿ’ ಎಂದು ಹುಡುಕಿದರೂ ಸಿಗದು. ಒಂದು ಪುಟವನ್ನು ನಕಲಿಸಿ ತನ್ನ ಟಿಪ್ಪಣಿಗೆ ಸೇರಿಸಿಕೊಳ್ಳಲೂ ಸಂಶೋಧಕನಿಗೆ ಸಾಧ್ಯವಾಗದು. ಇಂಗ್ಲಿಷಿನಲ್ಲಿ ಬರೆದ ಸಂಪ್ರಬಂಧ ಒಂದು ಕ್ಷಣದ ಹುಡುಕಾಟದಲ್ಲಿ ಜಗತ್ತಿಗೆ ದೊರೆಯುತ್ತದೆ. ಕನ್ನಡದಲ್ಲಿ ಬರೆದದ್ದು ಶೀರ್ಷಿಕೆಯ ಆಚೆಗೆ ಅಗೋಚರವಾಗಿ ಉಳಿಯುತ್ತದೆ. ಉಲ್ಲೇಖಕ್ಕೆ ದೊರೆಯದ ಸಂಶೋಧನೆ ನಡೆದೇ ಇಲ್ಲವೆಂಬಂತೆ ಆಗುವುದು ವಿದ್ವತ್ ಲೋಕದ ಕಠಿಣ ಸತ್ಯ. ಅದೇ ವಿಷಯವನ್ನು ಮತ್ತೊಬ್ಬರು ಮೊದಲಿನಿಂದ ಆರಂಭಿಸುವುದರಲ್ಲಿ ಆಶ್ಚರ್ಯವಿಲ್ಲ.

ಹಳೆಯ ಕಡತಗಳನ್ನು ಯೂನಿಕೋಡಿಗೆ ದಾಟಿಸುವ ಪರಿವರ್ತಕಗಳು ಇಂದು ಉಚಿತವಾಗಿಯೇ ಲಭ್ಯವಿವೆ. ಅವುಗಳಿಂದ ಕೆಲಸದ ಬಹುಭಾಗ ನಡೆಯುತ್ತದೆ. ಉಳಿದ ಸ್ವಲ್ಪ ಭಾಗದಲ್ಲಿಯೇ ಪಾಠದ ಜೀವವಿರುತ್ತದೆ. ಕೆಲವು ನಿದರ್ಶನಗಳನ್ನು ನೋಡಬಹುದು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ಅನಂತರ, ದಾಖಲಾಗಿರುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲಿ ವ್ಯಂಜನಕ್ಕೆ ಮೊದಲೇ ಬರಬೇಕು. ಪರಿವರ್ತಕವು ‘ಧರ್ಮ’ವನ್ನು ಸರಿಯಾಗಿ ಬಿಡಿಸಬಹುದು, ಆದರೆ ಬೆರಳಚ್ಚುಗಾರರು ಅರ್ಕಾವತ್ತಿನ ಬದಲು ಅದನ್ನೇ ಹೋಲುವ ಒಂಬತ್ತರ ಅಂಕಿಯನ್ನು ಒತ್ತಿದ್ದರೆ ಅದನ್ನು ಅಂಕಿಯಾಗಿಯೇ ಉಳಿಸುತ್ತದೆ. ಅನುಸ್ವಾರದ ಬದಲು ಸೊನ್ನೆಯ ಅಂಕಿ ಬಿದ್ದಿದ್ದರೆ ಕಣ್ಣಿಗೆ ವ್ಯತ್ಯಾಸ ಕಾಣದು, ಹುಡುಕಾಟಕ್ಕೆ ಮಾತ್ರ ಆ ಪದ ಸಿಗದು. ಛಂದಸ್ಸಿನ ಪ್ರಬಂಧಗಳಲ್ಲಿ ಇಂಗ್ಲಿಷಿನ ‘ಯು’ ಅಕ್ಷರವನ್ನು ಲಘುವಿನ ಚಿಹ್ನೆಯಾಗಿ ಬಳಸಿದ್ದರೆ ಪ್ರಸ್ತಾರವೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳ ಸಾಲಾಗಿ ಮಾರ್ಪಡುತ್ತದೆ. ಅಡಿಟಿಪ್ಪಣಿಯ ಇಂಗ್ಲಿಷ್ ಗ್ರಂಥನಾಮಗಳಿಗೂ ಇದೇ ಗತಿ.

ಹಳಗನ್ನಡದ ರೞ ಮತ್ತು ಶಕಟರೇಫಗಳ ವಿಷಯ ಇನ್ನೂ ಸೂಕ್ಷ್ಮವಾದುದು. ಬೇರೆ ಬೇರೆ ಸಂಸ್ಥೆಗಳ ಫಾಂಟುಗಳಲ್ಲಿ ಈ ಅಕ್ಷರಗಳಿಗೆ ಬೇರೆ ಬೇರೆ ಸ್ಥಾನಗಳಿದ್ದವು. ಕೆಲವು ಫಾಂಟುಗಳಲ್ಲಿ ಸ್ಥಾನವೇ ಇರಲಿಲ್ಲವಾದ್ದರಿಂದ ಸಂಶೋಧಕರು ಕೈಯಿಂದ ತಿದ್ದಿ ಬರೆದದ್ದೂ ಉಂಟು. ಒಂದು ಸಂಸ್ಥೆಯ ಫಾಂಟಿಗೆ ಹೊಂದುವ ಪರಿವರ್ತಕವನ್ನು ಮತ್ತೊಂದರ ಕಡತಕ್ಕೆ ಬಳಸಿದರೆ ೞಕಾರವು ಳಕಾರವಾಗಬಹುದು, ಱಕಾರವು ರಕಾರವಾಗಬಹುದು, ಎರಡೂ ಮಾಯವಾಗಲೂಬಹುದು. ಹೊಸಗನ್ನಡದ ಲೇಖನದಲ್ಲಿ ಇದು ಅಲ್ಪದೋಷ. ಶಾಸನದ ಕಾಲನಿರ್ಣಯದಲ್ಲಿ ಇದೇ ವ್ಯತ್ಯಾಸ ಆಧಾರವಾಗುವುದರಿಂದ, ಸದ್ದಿಲ್ಲದೆ ನುಸುಳಿದ ಇಂತಹ ಒಂದು ಪಾಠದೋಷದಿಂದ ವಾದವೊಂದು ಕುಸಿಯಬಹುದು. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯಗಳನ್ನು ಗುರುತಿಸಲು ಗ್ರಂಥಸಂಪಾದಕರು ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಪರಿವರ್ತಕವೂ ಒಬ್ಬ ಲಿಪಿಕಾರನೇ. ಅವನ ಸ್ಖಾಲಿತ್ಯಗಳು ಕ್ರಮಬದ್ಧವಾದವು. ಆದ್ದರಿಂದ ಬಲ್ಲವರಿಗೆ ಸುಲಭವಾಗಿ ಸಿಗುತ್ತವೆ, ಅರಿಯದವರಿಗೆ ಎಂದೂ ಸಿಗುವುದಿಲ್ಲ.

ಯೂನಿಕೋಡ್ ನಿರ್ದೋಷವೆಂದು ಇದರ ಅರ್ಥವಲ್ಲ. ಕನ್ನಡದ ೞಕಾರಕ್ಕೆ ಅದರಲ್ಲಿ ಬಿದ್ದಿರುವ ಅಧಿಕೃತ ಇಂಗ್ಲಿಷ್ ಹೆಸರು ‘ಫ’ ಎಂದು! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಪ್ಪೆಂದು ತಿಳಿದ ಮೇಲೂ ಆ ಹೆಸರು ಹಾಗೆಯೇ ಉಳಿದಿದೆ. ಹಳೆಯ ಬರಹಗಳಲ್ಲಿ ಕಾಣುವ ನಕಾರ ಪೊಲ್ಲಿಗೆ ಸ್ಥಾನ ದೊರೆತದ್ದು 2021ರ ಆವೃತ್ತಿಯಲ್ಲಿ. ಆದರೂ ಒಂದು ಮೂಲಭೂತ ವ್ಯತ್ಯಾಸವಿದೆ. ಯೂನಿಕೋಡಿನ ದೋಷ ಸಾರ್ವಜನಿಕವಾದುದು, ದಾಖಲಾದುದು, ಚರ್ಚೆಗೆ ಒಳಪಟ್ಟದ್ದು. ಸ್ಥಾನಗಳು ಒಮ್ಮೆ ನಿಗದಿಯಾದರೆ ಯಾವ ಕಾರ್ಯಾಚರಣ ವ್ಯವಸ್ಥೆ ಬಂದರೂ ಬದಲಾಗವು. ಖಾಸಗಿ ಫಾಂಟಿನ ಒಳವಿನ್ಯಾಸವಾದರೋ ಅದನ್ನು ಮಾಡಿದವರಿಗೆ ಮಾತ್ರ ತಿಳಿದದ್ದು. ಅವರು ಅಂಗಡಿ ಮುಚ್ಚಿದರೆ ಲಿಪಿಯ ಕೀಲಿಕೈಯೂ ಅವರೊಡನೆ ಹೋಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಬಾಗಲಕೋಟೆ ಜಿಲ್ಲೆಯವರಿಗೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮುಳುಗಡೆ ಎಂಬ ಪದದ ಅರ್ಥವನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗಗಳನ್ನು ಆವರಿಸಿದಾಗ ನವನಗರ ನಿರ್ಮಾಣವಾಯಿತು. ಜನ ತಮ್ಮ ಬದುಕನ್ನು ಅಲ್ಲಿಗೆ ಸ್ಥಳಾಂತರಿಸಿದರು. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಬೇರೊಂದು ಮಾರ್ಗವನ್ನು ಹಿಡಿಯಲಾಯಿತು. ಬಸವಣ್ಣನವರ ಐಕ್ಯಸ್ಥಳವನ್ನು ಎತ್ತಿ ಬೇರೆಡೆಗೆ ಒಯ್ಯುವಂತಿರಲಿಲ್ಲ. ಆದ್ದರಿಂದ ಅದರ ಸುತ್ತ ಬಾವಿಯಂತಹ ಆವರಣವನ್ನು ಕಟ್ಟಿ, ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಅದು ಇದ್ದಲ್ಲಿಯೇ ಉಳಿಯುವಂತೆ ಮಾಡಲಾಯಿತು. ಗಣಕ ದಾಖಲೆಗಳ ಸಂರಕ್ಷಣೆಯಲ್ಲಿಯೂ ಮುಖ್ಯವಾಗಿರುವವು ಈ ಎರಡು ಮಾರ್ಗಗಳೇ. ದಾಟಿಸಬಹುದಾದುದನ್ನು ಹೊಸ ಶಿಷ್ಟತೆಗೆ ದಾಟಿಸುವುದು ಒಂದು. ದಾಟಿಸಲಾಗದುದಕ್ಕೆ ಹೊಸ ಯಂತ್ರದೊಳಗೆ ಹಳೆಯ ಕಾರ್ಯಾಚರಣ ವ್ಯವಸ್ಥೆಯ ಆವರಣವನ್ನು ನಿರ್ಮಿಸುವುದು ಮತ್ತೊಂದು. ವರ್ಚುವಲ್ ಯಂತ್ರವೆಂದು ಕರೆಯುವುದು ಇದನ್ನೇ. ಪೇಜ್‌ಮೇಕರಿನ ಕಡತಗಳಿಗೆ ಈ ಎರಡನೆಯ ಮಾರ್ಗ ಉಪಯುಕ್ತ. ಅವುಗಳಿಂದ ಪಠ್ಯವನ್ನು ಹೊರತೆಗೆಯಲು ಹಳೆಯ ತಂತ್ರಾಂಶ ನೆರವಾಗುತ್ತದೆ. ಅಂತರಜಾಲದ ಸಂಪರ್ಕ ಕಡಿದ ಒಂದು ಹಳೆಯ ಯಂತ್ರವನ್ನು ಅದರ ಬೀಗದೊಡನೆ ಕಾಪಾಡಿಕೊಳ್ಳುವ ಕಾಲೇಜು, ಇಡೀ ತಾಲೂಕಿನ ಕಡತಗಳಿಗೆ ಆಶ್ರಯವಾಗಬಲ್ಲದು. ಆದರೆ ನೀರು ಬಂದ ಮೇಲೆ ಇವೆರಡೂ ಸಾಧ್ಯವಾಗವು.

ಹೊಸ ವ್ಯವಸ್ಥೆಗೆ ಹೋಗದೆ ಇರುವುದೇ ಲೇಸೆಂದು ವಾದಿಸುವವರಿದ್ದಾರೆ. ಯಂತ್ರಕ್ಕೆ ವಯಸ್ಸಾಗುವುದನ್ನು ಈ ವಾದ ಮರೆಯುತ್ತದೆ. ಹಾರ್ಡ್ ಡಿಸ್ಕ್ ಕೆಡುವ ದಿನವನ್ನು ಯಾರೂ ಮುಂದಾಗಿ ಹೇಳಲಾರರು; ಸುರಕ್ಷಾ ಪರಿಷ್ಕರಣೆಗಳು ನಿಂತ ವ್ಯವಸ್ಥೆಯನ್ನು ಅಂತರಜಾಲದಲ್ಲಿ ಬಳಸುವುದು ಅಪಾಯಕರ. ಓಲೆಗರಿಗಳು ಶತಮಾನಗಳ ಕಾಲ ಉಳಿದವಲ್ಲ ಎಂದು ಇನ್ನು ಕೆಲವರು ಹೇಳುವುದುಂಟು. ಓಲೆಗರಿ ತಾನಾಗಿ ಉಳಿಯಲಿಲ್ಲ. ಹುಳು ತಿನ್ನುವ ಮೊದಲೇ ಅದನ್ನು ಮತ್ತೊಂದು ಓಲೆಗೆ ಇಳಿಸಿದವರಿದ್ದುದರಿಂದ ಕೃತಿ ಉಳಿಯಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವನ್ನು ಕನ್ನಡಿಗರು ಸ್ಮರಿಸುವುದು ಕೇವಲ ಭಕ್ತಿಯ ಕಾರಣಕ್ಕಲ್ಲ; ಆ ಕಾಲಕ್ಕೆ ಅದು ಗ್ರಂಥರಕ್ಷಣೆಯ ಅತ್ಯಂತ ವಿವೇಕಯುತವಾದ ಕ್ರಮವಾಗಿತ್ತು. ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ಇದೇ ಜಿಲ್ಲೆಯ ಮುಧೋಳದವನು ಎಂಬುದನ್ನೂ ಇಲ್ಲಿ ನೆನೆಯಬಹುದು.

ಲಿಪಿಯಿಂದ ಲಿಪಿಗೆ ದಾಟಿಸುವ ಕೆಲಸ ಎಷ್ಟು ಎಚ್ಚರವನ್ನು 요ಬಯಸುತ್ತದೆ ಎಂಬುದಕ್ಕೆ ಮೂಡುಬಿದಿರೆಯ ಧವಲಾ ಗ್ರಂಥದ ಚರಿತ್ರೆಯೇ ಸಾಕ್ಷಿ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಈ ವ್ಯಾಖ್ಯಾನವು ಅಲ್ಲಿ ಉಳಿದುಬಂದದ್ದು ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ. ಅದು ನಾಗರಿ ಲಿಪಿಗೆ ಇಳಿದು, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ 1959ರವರೆಗೆ 16 ಸಂಪುಟಗಳಾಗಿ ಅಚ್ಚಾಯಿತು. ಪ್ರತಿಯ ಪ್ರತಿಗಳಿಂದ ಆರಂಭವಾದ ಆ ಸಂಪಾದನೆ, ಮುಂದೆ ಮೂಡುಬಿದಿರೆಯ ಓಲೆಗಳೊಡನೆ ಪಾಠವನ್ನು ತಾಳೆ ನೋಡುವವರೆಗೂ ತೃಪ್ತವಾಗಲಿಲ್ಲ. ಐಹೊಳೆಯ ಪ್ರಶಸ್ತಿಯನ್ನು ಫ್ಲೀಟ್ 1876ರಲ್ಲಿಯೂ 1879ರಲ್ಲಿಯೂ ಪ್ರಕಟಿಸಿದ ಮೇಲೆ ಕೀಲ್‌ಹಾರ್ನ್ ಎಪಿಗ್ರಾಫಿಯಾ ಇಂಡಿಕಾದ ಆರನೆಯ ಸಂಪುಟದಲ್ಲಿ ಅದನ್ನು ಮತ್ತೆ ಸಂಪಾದಿಸಿದರು. ಮೂಲ ಇದ್ದುದರಿಂದ ಮರುಪರಿಶೀಲನೆ ಸಾಧ್ಯವಾಯಿತು. ಗಣಕದ ಪಾಠಾಂತರಣಕ್ಕೂ ಇದೇ ನಿಯಮ ಅನ್ವಯಿಸಬೇಕು: ಪರಿವರ್ತಿಸಿದ ಪಾಠವನ್ನು ಮೂಲದ ಮುದ್ರಿತ ಪುಟದೊಡನೆ ಅಥವಾ ಪಿಡಿಎಫ್‌ನೊಡನೆ ಸಾಲುಸಾಲಾಗಿ ಹೋಲಿಸಿ ನೋಡದೆ ಸಿದ್ಧಪಾಠವೆಂದು ಒಪ್ಪಬಾರದು; ಮೂಲ ಕಡತವನ್ನು ಅಳಿಸಲೂಬಾರದು.

ಇಳಕಲ್ಲದ ನೇಕಾರರಿಗೆ ಈ ಎಚ್ಚರ ದಿನನಿತ್ಯದ ಮಾತು. ಅಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಇವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುವ ಕ್ರಮವನ್ನು ಕೊಂಡಿ ಎನ್ನುತ್ತಾರೆ. ಅದು ಬೇಸರಿಕೆಯ ಕೆಲಸ, ಕಣ್ಣಿಗೆ ಶ್ರಮದ ಕೆಲಸ, ನೋಡುವವರು ಗುರುತಿಸದ ಕೆಲಸ. ಅದು ಸರಿಯಾಗದಿದ್ದರೆ ಸೀರೆಯೇ ಇಲ್ಲ. ಹಳೆಯ ಪಾಠವನ್ನು ಹೊಸ ಶಿಷ್ಟತೆಗೆ ಜೋಡಿಸುವ ಕೆಲಸವೂ ಅಂತಹುದೇ; ವಿದ್ವತ್ ಲೋಕ ಅದಕ್ಕೆ ಇನ್ನೂ ಬೆಲೆ ಕಟ್ಟಿಲ್ಲ.

ಬೆಲೆ ಕಟ್ಟುವುದೆಂದರೆ ಏನೆಂಬುದನ್ನು ಸ್ಪಷ್ಟವಾಗಿಯೇ ಹೇಳಬಹುದು. ಮೊದಲನೆಯದಾಗಿ, ವಿಶ್ವವಿದ್ಯಾಲಯಗಳು ಕನ್ನಡ ಸಂಪ್ರಬಂಧವನ್ನು ಸ್ವೀಕರಿಸುವಾಗ ಪಿಡಿಎಫ್‌ನ ಜೊತೆಗೆ ಯೂನಿಕೋಡ್ ಪಠ್ಯದ ಕಡತವನ್ನೂ ಕೇಳಬೇಕು. ಪಿಡಿಎಫ್‌ನಲ್ಲಿ ಒಂದು ಕನ್ನಡ ಪದವನ್ನು ಹುಡುಕಿ ನೋಡಿದರೆ ಅದು ಯಾವ ಬಗೆಯದೆಂಬುದು ಅರೆನಿಮಿಷದಲ್ಲಿ ತಿಳಿಯುತ್ತದೆ. ಎರಡನೆಯದಾಗಿ, ಒಂದು ಹಳೆಯ ಸಂಪ್ರಬಂಧವನ್ನಾಗಲಿ ಶಾಸನಸಂಗ್ರಹವನ್ನಾಗಲಿ ಯೂನಿಕೋಡಿಗೆ ದಾಟಿಸಿ, ಪಾಠಶುದ್ಧಿ ಮಾಡಿ, ಸಂದೇಹಾಸ್ಪದ ಸ್ಥಳಗಳನ್ನು ಗುರುತಿಸಿ ಒಪ್ಪಿಸುವುದನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧವಾಗಿ ಮಾನ್ಯಮಾಡಬೇಕು. ಗ್ರಂಥಸಂಪಾದನೆಯ ತರಬೇತಿಗೆ ಇದಕ್ಕಿಂತ ಉತ್ತಮವಾದ ಅಭ್ಯಾಸ ದೊರೆಯುವುದು ಕಷ್ಟ. ಮೂರನೆಯದಾಗಿ, ಕಾಲೇಜುಗಳು ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ಅವುಗಳಲ್ಲಿರುವ ಕನ್ನಡ ಕಡತಗಳ ಪಟ್ಟಿಯನ್ನು ಮಾಡಿ, ಯಾವುದು ಯಾವ ಫಾಂಟಿನಲ್ಲಿದೆ ಎಂಬುದನ್ನು ಬರೆದಿಡಬೇಕು. ಫಾಂಟಿನ ಹೆಸರು ತಿಳಿಯದ ಕಡತ, ಕಾಲದೇಶಗಳು ತಿಳಿಯದ ಶಾಸನದ ತುಣುಕಿನಂತೆ. ನಾಲ್ಕನೆಯದಾಗಿ, ಸಂಶೋಧಕರು ತಮ್ಮ ಯಂತ್ರವನ್ನು ಹೊಸ ವ್ಯವಸ್ಥೆಗೆ ಏರಿಸುವ ಮೊದಲೇ ಪರಿವರ್ತನೆಯ ಕೆಲಸವನ್ನು ಮುಗಿಸಬೇಕು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಅನುದಾನ ಬೇಕಿಲ್ಲ. ಬೇಕಾದುದು ಇದು ತಮ್ಮದೇ ಕೆಲಸವೆಂಬ ಅರಿವು.

ಶಾಸನಗಳ ವಿಷಯದಲ್ಲಿ ಒಂದು ಭರವಸೆ ಯಾವಾಗಲೂ ಇರುತ್ತದೆ. ಕಡತ ಹೋದರೂ ಕಪ್ಪೆ ಅರಭಟ್ಟನ ಬಂಡೆಗೆ ಮರಳಿ ಹೋಗಬಹುದು, ಮೇಗುತಿಯ ಗೋಡೆಯನ್ನು ಮತ್ತೊಮ್ಮೆ ಓದಬಹುದು. ಆದರೆ ಹಳ್ಳಿಯ ಅಜ್ಜಿಯೊಬ್ಬಳು ಬೀಸುಕಲ್ಲಿನ ಮುಂದೆ ಕುಳಿತು ಹಾಡಿದ ತ್ರಿಪದಿಯನ್ನು ಇಪ್ಪತ್ತು ವರ್ಷಗಳ ಹಿಂದೆ ವಿದ್ಯಾರ್ಥಿಯೊಬ್ಬ ಬರೆದುಕೊಂಡು, ಅಂಗಡಿಯಲ್ಲಿ ಹಳೆಯ ಫಾಂಟಿನಲ್ಲಿ ಅಚ್ಚಿಸಿ ಇಟ್ಟಿದ್ದರೆ, ಅದಕ್ಕೆ ಮರಳಿ ಹೋಗಲು ಬಂಡೆಯಿಲ್ಲ. ಹಾಡಿದವಳು ಇಲ್ಲ, ಧ್ವನಿಸುರುಳಿ ಇಲ್ಲ, ಬೀಸುಕಲ್ಲೂ ಇಲ್ಲ. ಅಲ್ಲಿ ಕಡತವೇ ಮೂಲಪ್ರತಿ. ಅದನ್ನು ಓದಬಲ್ಲ ಯಂತ್ರ ಇನ್ನೂ ಎಲ್ಲೋ ಒಂದು ಅಂಗಡಿಯ ಮೂಲೆಯಲ್ಲಿ ಕೆಲಸ ಮಾಡುತ್ತಿರುವಾಗಲೇ ಅದನ್ನು ಹೊರತೆಗೆಯಬೇಕು.